ರಾಮಪತ್ರೆಯ ಜಡ್ಡಿ

ಮಸಾಲೆಯ ಡಬ್ಬಿಯಲ್ಲಿ ಜಾಪತ್ರೆಯನ್ನು ಇಟ್ಟುಕೊಂಡಿರುವ ಗೃಹಿಣಿಯರಿಗೆ ರಾಮಪತ್ರೆಯ ಪರಿಚಯವೂ ಇದ್ದೇ ಇರಬೇಕು. ಎರಡೂ ಒಂದೇ ಕುಲಕ್ಕೆ ಸೇರಿದವು. ಎರಡೂ ಬೀಜದ ಮೈಯನ್ನು ಜಾಳಿಗೆಯಂತೆ ಹೆಣೆದುಕೊಂಡಿರುವ ಕೆಂಪು ಹೊದಿಕೆಗಳು. ಜಾಪತ್ರೆಗೆ ಪರಿಮಳವುಂಟು, ರಾಮಪತ್ರೆಗೆ ಬಣ್ಣವುಂಟು, ಪರಿಮಳ ಅಷ್ಟಕ್ಕಷ್ಟೆ. ಮೊದಲನೆಯದರಲ್ಲಿ ಎರಡನೆಯದನ್ನು ಬೆರೆಸಿ ಮಾರುವ ವರ್ತಕರ ಜಾಣತನ ಇಂದು ನಿನ್ನೆಯದಲ್ಲ. ಪರದೇಶದ ಪೇಟೆಗಳಲ್ಲಿ ಇದಕ್ಕೆ ‘ಬೊಂಬಾಯಿ ಜಾಪತ್ರೆ’ ಎಂಬ ಹೆಸರೇ ಬಿದ್ದಿದ್ದಿತು. ಆದರೆ ಒಂದು ಮಾತನ್ನು ರಾಮಪತ್ರೆಯ ಪರವಾಗಿ ಹೇಳಲೇಬೇಕು. ಪರಿಮಳವುಳ್ಳ ಜಾಜಿಕಾಯಿಯ ಮರ ಬಾಂಡಾ ದ್ವೀಪಗಳಿಂದ ಹಡಗು ಹತ್ತಿ ಬಂದುದು. ಪರಿಮಳವಿಲ್ಲದ ರಾಮಪತ್ರೆಯೋ ನಮ್ಮ ಸಹ್ಯಾದ್ರಿಯಲ್ಲಿಯೇ ಹುಟ್ಟಿ, ಬೇರೆಲ್ಲಿಯೂ ತಾನಾಗಿ ಬೆಳೆಯದ, ಅಚ್ಚ ನಾಡಮರ.

ಈ ತಿಂಗಳು ನಾವು ವಾಚಕರ ಮುಂದಿಡಬೇಕೆಂದಿರುವುದು ಮಸಾಲೆಯ ಸಂಗತಿಯನ್ನಲ್ಲ, ಈ ಕುಲದ ಮರಗಳು ವಾಸಮಾಡುವ ಮನೆಯ ಸಂಗತಿಯನ್ನು. ಮನುಷ್ಯರಿಗೆ ಮನೆಯೆಂದರೆ ಗೋಡೆ, ಮಾಡು. ಕೆಲವು ಮರಗಳಿಗೆ ಮನೆಯೆಂದರೆ ನೀರು. ಆ ನೀರು ಹೋದರೆ ಮರವನ್ನು ಬೇಲಿ ಕಟ್ಟಿ ಕಾದರೂ ಉಳಿಯದು.

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿ, ಜೋಗದ ಕಡೆಯಿಂದ ಘಟ್ಟವನ್ನಿಳಿದು ಹೊನ್ನಾವರಕ್ಕೆ ಹೋಗುವ ದಾರಿಯ ಬಳಿಯಲ್ಲಿ, ಕತ್ತಲೆಕಾನು ಎಂಬ ಒಂದು ಕಾಡುಂಟು. ಹೆಸರನ್ನಿಟ್ಟವರು ಕವಿಗಳಲ್ಲದಿದ್ದರೂ ಕಣ್ಣುಳ್ಳವರು. ನಡುಹಗಲಿನಲ್ಲಿಯೂ ಬಿಸಿಲು ಅಲ್ಲಿ ನಾಣ್ಯದಷ್ಟಗಲದ ಚುಕ್ಕೆಗಳಾಗಿ ನೆಲಕ್ಕೆ ಬೀಳುತ್ತದೆಯೇ ಹೊರತು ಹರಡುವುದಿಲ್ಲ. ಈ ಕಾಡಿನ ತಗ್ಗುಗಳಲ್ಲಿ, ಎರಡು ಗುಡ್ಡಗಳ ನಡುವಣ ಸಮತಟ್ಟಾದ ಸಂದಿನಲ್ಲಿ, ಹಳ್ಳವು ಹರಿಯುವುದನ್ನು ಮರೆತು ಹರಡಿಕೊಂಡಂತೆ ನಿಂತಿರುವ ಕೆಸರು ನೆಲಗಳುಂಟು. ಮಳೆಗಾಲದಲ್ಲಿ ನೀರು ಮೇಲೆಯೇ ನಿಂತಿರುತ್ತದೆ. ವೈಶಾಖದಲ್ಲಿ ಸುತ್ತಲ ಗುಡ್ಡ ಒಣಗಿ ಕಾಯ್ದಿರುವಾಗಲೂ ಕಾಲಿಟ್ಟರೆ ತಣ್ಣಗೆ ಹುದುಗುತ್ತದೆ. ಇಂತಹ ನೆಲಕ್ಕೆ ಆ ಸೀಮೆಯವರು ಜಡ್ಡಿ ಎನ್ನುತ್ತಾರೆ. ಅದರಲ್ಲಿ ನಿಂತಿರುವ ಮರಗಳಲ್ಲಿ ರಾಮಪತ್ರೆಯ ಕುಲದವೇ ಪ್ರಧಾನವಾದುದರಿಂದ ರಾಮಪತ್ರೆ ಜಡ್ಡಿಯೆಂದು ಹೆಸರು. ಪೇಟೆಗೆ ಬರುವ ರಾಮಪತ್ರೆಯ ಮರ ಜಡ್ಡಿಯ ಹೊರಗಣ ತಂಪು ಕಾಡಿನಲ್ಲಿಯೂ ಬೆಳೆಯುವುದು. ಜಡ್ಡಿಯನ್ನು ಬಿಟ್ಟು ಕದಲದವು ಅದರ ದಾಯಾದಿಗಳಾದ ಎರಡು ಮರಗಳು. ಸಸ್ಯಶಾಸ್ತ್ರಜ್ಞರು ಒಂದನ್ನು ಮಿರಿಸ್ಟಿಕಾ ಮ್ಯಾಗ್ನಿಫಿಕಾ ಎಂದೂ ಇನ್ನೊಂದನ್ನು ಜಿಮ್ನಾಕ್ರಾಂತೆರಾ ಕನಾರಿಕಾ ಎಂದೂ ಕರೆಯುತ್ತಾರೆ. ಈ ಎರಡನೆಯ ಹೆಸರಿನಲ್ಲಿ ಅಡಗಿರುವುದು ನಮ್ಮ ಕನ್ನಡ ಜಿಲ್ಲೆಯೇ ಎಂಬುದನ್ನು ವಾಚಕರು ಗಮನಿಸಿರಬಹುದು.

ಮೊದಲ ಸಲ ಜಡ್ಡಿಯನ್ನು ನೋಡಿದವರು ತಲೆಯೆತ್ತಿ ಮರವನ್ನು ನೋಡುವುದಿಲ್ಲ. ತಲೆ ತಗ್ಗಿಸಿ ಬೇರುಗಳನ್ನು ನೋಡುತ್ತಾರೆ. ಮ್ಯಾಗ್ನಿಫಿಕಾದ ಕಾಂಡದ ಬುಡದಿಂದ, ಚಪ್ಪರಕ್ಕೆ ಕೊಟ್ಟ ಊರೆಗೋಲುಗಳಂತೆ, ಬೇರುಗಳು ಓರೆಯಾಗಿ ಇಳಿದು ಕೆಸರಿನಲ್ಲಿ ನೆಟ್ಟಿರುತ್ತವೆ. ಜಿಮ್ನಾಕ್ರಾಂತೆರಾದ ಬಗೆಯೇ ಬೇರೆ: ಅದರ ಬೇರು ನೆಲದೊಳಗಿನಿಂದ ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ, ಮತ್ತೆ ನೆಲದೊಳಕ್ಕೆ ಮುಳುಗುತ್ತದೆ, ಸ್ವಲ್ಪ ದೂರ ಹೋಗಿ ಪುನಃ ಏಳುತ್ತದೆ. ಒಂದು ಮರದ ಸುತ್ತ ಇಂತಹ ಮೊಣಕಾಲುಗಳು ಎಣಿಸಲಾರದಷ್ಟು. ಇವೇತಕ್ಕೆಂದರೆ, ಬೇರಿಗೂ ಉಸಿರಾಟವುಂಟು. ಹೊಲದ ಮಣ್ಣಿನ ಕಣಗಳ ಸಂದುಗಳಲ್ಲಿ ಗಾಳಿಯಿರುವುದರಿಂದ ಸಾಮಾನ್ಯ ಮರಕ್ಕೆ ಈ ಚಿಂತೆಯಿಲ್ಲ. ಸದಾ ನೀರು ನಿಂತಿರುವ ಕೆಸರಿನಲ್ಲಿ ಆ ಸಂದುಗಳೆಲ್ಲ ನೀರಿನಿಂದ ತುಂಬಿರುವುದರಿಂದ ಪ್ರಾಣವಾಯು ಬೇರನ್ನು ಮುಟ್ಟುವುದಿಲ್ಲ. ಮಾವಾಗಲಿ ಹಲಸಾಗಲಿ ಅಲ್ಲಿ ಬೇರು ಕೊಳೆತು ಸಾಯುವುವು. ಜಡ್ಡಿಯ ಮರಗಳು ಬೇರನ್ನೇ ಗಾಳಿಗೆತ್ತಿ, ಅದರ ತೊಗಟೆಯ ಮೇಲಿರುವ ಸಣ್ಣ ಸಣ್ಣ ರಂಧ್ರಗಳ ಮೂಲಕ ಉಸಿರೆಳೆದುಕೊಂಡು, ಕೆಳಗೆ ಹೂತಿರುವ ಭಾಗಕ್ಕೆ ಕಳುಹಿಸುತ್ತವೆ. ಸಮುದ್ರದಂಚಿನ ಕಾಂಡ್ಲಾ ಗಿಡಗಳೂ ಇದೇ ಉಪಾಯವನ್ನು ಹೂಡಿವೆ. ಆದರೆ ಅಲ್ಲಿಯದು ಉಪ್ಪುನೀರು, ಇಲ್ಲಿಯದು ಸಿಹಿನೀರು. ಸಂಬಂಧಿಕರಲ್ಲದ ಎರಡು ಮನೆತನದವರು ಒಂದೇ ಕಷ್ಟಕ್ಕೆ ಸಿಕ್ಕಿ ಒಂದೇ ಯುಕ್ತಿಯನ್ನು ಕಂಡುಕೊಂಡಂತಾಯಿತು.

ಇನ್ನು ಇವುಗಳ ಹೂವು, ಬೀಜಗಳ ವಿಚಾರ. ಹೂವು ನೋಡುವವರ ಕಣ್ಣಿಗೆ ಬೀಳದಷ್ಟು ಸಣ್ಣದು, ದಳಗಳ ಆಡಂಬರವಿಲ್ಲ. ಗಂಡು ಹೂವುಗಳ ಮರವೇ ಬೇರೆ, ಹೆಣ್ಣು ಹೂವುಗಳ ಮರವೇ ಬೇರೆ. ಕಾಯಿ ಬಲಿತು ಎರಡು ಹೋಳಾಗಿ ಬಿರಿದಾಗ ಮಾತ್ರ ಮರಕ್ಕೆ ಶೋಭೆ ಬರುತ್ತದೆ. ಕಪ್ಪು ಹಸಿರಿನ ನಡುವೆ ಕೆಂಪು ಪತ್ರೆ ದೂರಕ್ಕೇ ಕಾಣುವುದು. ಆ ಕೆಂಪು ಇರುವುದು ನಮ್ಮ ಮಸಾಲೆಗಲ್ಲ, ಮಂಗಟ್ಟೆ ಹಕ್ಕಿಗೆ. ದೊಡ್ಡ ಕೊಕ್ಕಿನ ಈ ಹಕ್ಕಿಯು ಬೀಜವನ್ನು ಇಡಿಯಾಗಿ ನುಂಗಿ, ಪತ್ರೆಯನ್ನು ಜೀರ್ಣಿಸಿಕೊಂಡು, ಬೀಜವನ್ನು ಬೇರೊಂದೆಡೆ ಉಗುಳುತ್ತದೆ. ಸಣ್ಣ ಹಕ್ಕಿಗಳ ಗಂಟಲಿಗೆ ಈ ಬೀಜ ಹಿಡಿಸದು. ಆದುದರಿಂದ ಮಂಗಟ್ಟೆಯಿಲ್ಲದ ಕಾಡಿನಲ್ಲಿ ಬೀಜವು ತಾಯಿಯ ಬುಡದಲ್ಲಿಯೇ ಬಿದ್ದು, ಒಂದರ ಮೇಲೊಂದು ಮೊಳೆತು, ನೆರಳಿನಲ್ಲಿ ಸೊರಗುತ್ತದೆ.

ಬೀಜದ ಇನ್ನೊಂದು ಗುಣವನ್ನು ಕೃಷಿಕರ ಮನೆಯವರು ವಿಶೇಷವಾಗಿ ಗಮನಿಸಬೇಕು. ಭತ್ತ, ರಾಗಿ, ಅವರೆಗಳ ಬೀಜವನ್ನು ನಾವು ಬಿಸಿಲಿನಲ್ಲಿ ಒಣಗಿಸಿ, ಬೂದಿ ಬೆರೆಸಿ, ಮುಂದಿನ ವರ್ಷಕ್ಕೆಂದು ಎತ್ತಿಡುತ್ತೇವೆ. ಒಣಗಿದ ಬೀಜ ಮಲಗಿರುತ್ತದೆಯೇ ಹೊರತು ಸತ್ತಿರುವುದಿಲ್ಲ. ಜಡ್ಡಿಯ ಮರಗಳ ಬೀಜಕ್ಕೆ ಈ ನಿದ್ರೆಯೇ ಗೊತ್ತಿಲ್ಲ. ಅದು ತೇವವಾಗಿ ಬೀಳಬೇಕು, ತೇವವಾಗಿಯೇ ಮೊಳೆಯಬೇಕು. ಒಣಗಿತೆಂದರೆ ಅಲ್ಲಿಗೆ ಮುಗಿಯಿತು. ಎಂದೂ ನೀರಾರದ ನೆಲದಲ್ಲಿ ಅಷ್ಟು ಕಾಲ ಬಾಳಿದ ಮನೆತನಕ್ಕೆ ಕಣಜದ ಅವಶ್ಯಕತೆಯೇ ತೋರಲಿಲ್ಲವೆನ್ನಬಹುದು. ಪರಿಣಾಮವೇನೆಂದರೆ, ಧಾನ್ಯಗಳ ತಳಿಗಳನ್ನು ಬೀಜಭಾಂಡಾರಗಳಲ್ಲಿ ಶೀತಲವಾಗಿರಿಸಿ ಕಾಪಾಡುವಂತೆ ಈ ಮರಗಳನ್ನು ಕಾಪಾಡುವಂತಿಲ್ಲ. ಇವುಗಳ ಭಾಂಡಾರವೆಂದರೆ ಜಡ್ಡಿಯೇ.

ಮಿರಿಸ್ಟಿಕೇಸೀ ಎಂಬ ಈ ವಂಶವು ಹೂಬಿಡುವ ಸಸ್ಯಗಳ ವಂಶವೃಕ್ಷದಲ್ಲಿ ಬಲು ಕೆಳಗಿನ, ಎಂದರೆ ಬಲು ಹಳೆಯ ಕವಲೊಂದಕ್ಕೆ ಸೇರಿದುದು. ನಮ್ಮ ಸಂಪಿಗೆಯೂ ಸೀತಾಫಲವೂ ಇದೇ ಕವಲಿನ ನೆಂಟರು. ಹಳೆಯ ಮನೆತನಗಳು ಹಳೆಯ ಊರಿನಲ್ಲಿಯೇ ಉಳಿಯುವುದುಂಟಷ್ಟೆ. ಸಹ್ಯಾದ್ರಿಯಲ್ಲಿ ದಕ್ಷಿಣಕ್ಕೆ ಹೋದಷ್ಟೂ ಮಳೆಯ ತಿಂಗಳುಗಳು ಹೆಚ್ಚು. ತಿರುವಾಂಕೂರಿನ ಬೆಟ್ಟಗಳಲ್ಲಿ ಬರಗಾಲದ ತಿಂಗಳುಗಳು ಎರಡೋ ಮೂರೋ. ಉತ್ತರ ಕನ್ನಡದಲ್ಲಿ ಆರರಷ್ಟು. ಮಳೆ ಎಷ್ಟೇ ಜೋರಾಗಿ ಸುರಿಯಲಿ, ಅದಾದ ಮೇಲೆ ಆರು ತಿಂಗಳು ಬಾಯಾರಿ ನಿಲ್ಲಲಾರದ ಮರಗಳು ಉತ್ತರದಲ್ಲಿ ಬದುಕಲಾರವು. ಹಾಗಿರುವಲ್ಲಿ, ದಕ್ಷಿಣದ ಇಂತಹ ಮರಗಳು ಉತ್ತರದ ಒಂದೆರಡು ತಾಣಗಳಲ್ಲಿ ಮಾತ್ರ ಸಿಕ್ಕಿದರೆ, ಅಲ್ಲಿ ಮಳೆಯ ಕೊರತೆಯನ್ನು ಬೇರಾವುದೋ ತುಂಬುತ್ತಿರಬೇಕು. ಜಡ್ಡಿಯು ಮಾಡುವ ಕೆಲಸ ಅದೇ. ತೇವದ ಕಾಡು ಹೆಚ್ಚು ವಿಸ್ತಾರವಾಗಿದ್ದ ಕಾಲವೊಂದರಲ್ಲಿ ಹರಡಿದ ಮರಗಳು, ನಾಡು ಒಣಗುತ್ತ ಬಂದಂತೆ ಹಿಂದೆ ಸರಿದು, ನೀರಾರದ ಈ ತಗ್ಗುಗಳಲ್ಲಿ ಮಾತ್ರ ತಂಗಿದುವು ಎಂದು ವಿದ್ವಾಂಸರು ತರ್ಕಿಸುತ್ತಾರೆ. ನೆರೆ ಇಳಿದ ಮೇಲೆ ಹಳ್ಳದ ಗುಂಡಿಗಳಲ್ಲಿ ಉಳಿದ ಮೀನುಗಳಂತೆ ಎಂದು ನಾವು ಉಪಮೆ ಕೊಟ್ಟರೆ ತಪ್ಪಾಗಲಾರದು.

ಈ ತರ್ಕಕ್ಕೆ ಕತ್ತಲೆಕಾನೇ ಸಾಕ್ಷಿಯನ್ನೊದಗಿಸಿದೆ. ಇಂತಹ ಜಡ್ಡಿಗಳ ವಿಷಯವಾಗಿ ಶಾಸ್ತ್ರೀಯವಾದ ವರದಿ ಮೊದಲು ಬಂದುದು 1960ರಲ್ಲಿ, ತಿರುವಾಂಕೂರಿನ ಕುಳತ್ತೂಪುಳ ಮುಂತಾದ ಕಾಡುಗಳಿಂದ, ಕೃಷ್ಣಮೂರ್ತಿ ಎಂಬವರಿಂದ. ಉತ್ತರ ಕನ್ನಡದ ಜಡ್ಡಿಗಳನ್ನು ಸುಭಾಷ್‌ಚಂದ್ರನ್ ಮತ್ತು ಅವರ ಸಂಗಡಿಗರು 1999ರಲ್ಲಿ ವರ್ಣಿಸಿದರು. ಮರು ವರ್ಷ, 2000ದಲ್ಲಿ, ದಾಸಪ್ಪ ಮತ್ತು ಸ್ವಾಮಿನಾಥ್ ಎಂಬವರು ಕತ್ತಲೆಕಾನಿನಿಂದ ಅದುವರೆಗೆ ಯಾವ ಗ್ರಂಥದಲ್ಲಿಯೂ ಹೆಸರಿಲ್ಲದಿದ್ದ ಹೊಸ ಮರವೊಂದನ್ನು ಪ್ರಕಟಿಸಿ, ಕಾಡಿನ ಹೆಸರನ್ನೇ ಅದಕ್ಕೆ ಕೊಟ್ಟರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು ಇದರ ಹತ್ತಿರದ ಬಂಧು. ಮುಗಿಲೆತ್ತರದ ಮರವೊಂದು ಹೆದ್ದಾರಿಯ ಸಮೀಪದಲ್ಲಿದ್ದುಕೊಂಡು ಇಪ್ಪತ್ತನೆಯ ಶತಮಾನ ಮುಗಿಯುವವರೆಗೆ ಶಾಸ್ತ್ರದ ಕಣ್ಣಿಗೆ ಬೀಳದಿದ್ದುದು ಆಶ್ಚರ್ಯವೇ ಸರಿ. ಅಷ್ಟಕ್ಕೇ ನಿಲ್ಲಲಿಲ್ಲ. ದಕ್ಷಿಣ ಕೇರಳದ ಸೊತ್ತೆಂದು ತಿಳಿದಿದ್ದ, ಅಲ್ಲಿಯೂ ನಶಿಸುತ್ತಿದ್ದ ಎರಡು ಮರಗಳು ಇದೇ ಕಾನಿನಲ್ಲಿ ಸಿಕ್ಕಿದುವೆಂದು 2008ರಲ್ಲಿ ಪ್ರಕಟವಾಯಿತು. ಒಂದು ನೇರಳೆಯ ಜಾತಿಯ ಸಿಜಿಜಿಯಂ ಟ್ರಾವಂಕೋರಿಕಂ. ಇನ್ನೊಂದು ಹಿಪ್ಪೆಯ ಜಾತಿಯ ಮಧೂಕಾ ಬೌರ್ಡಿಲ್ಲೋನಿ, ತಿರುವಾಂಕೂರಿನ ಅರಣ್ಯಾಧಿಕಾರಿಯಾಗಿದ್ದ ಬೌರ್ಡಿಲ್ಲನ್ನನ ಹೆಸರನ್ನು ಹೊತ್ತುದು. ಅವುಗಳ ತವರಿಗೂ ಕತ್ತಲೆಕಾನಿಗೂ ನಡುವೆ ಸುಮಾರು 700 ಕಿಲೋಮೀಟರುಗಳ ಅಂತರವುಂಟು. ಹಕ್ಕಿ ನುಂಗಿದ ಬೀಜ ಅಷ್ಟು ದೂರ ಬರಲಾರದು.

ಮರಗಳ ಮಾತಿನ ನಡುವೆ ಒಂದು ಕಪ್ಪೆಯ ಮಾತನ್ನು ಸೇರಿಸಿದರೆ ಮಕ್ಕಳಾದರೂ ಸಂತೋಷಪಟ್ಟಾರು. ಈ ಕಾನಿನ ಹಳ್ಳಗಳಲ್ಲಿರುವ ಕಪ್ಪೆಯೊಂದು, ಹೆಣ್ಣು ಮೊಟ್ಟೆಯಿಟ್ಟ ಮೇಲೆ, ಮುಂಗಾಲುಗಳಿಂದ ಕೆಸರನ್ನೆತ್ತಿ ಮೊಟ್ಟೆಗಳಿಗೆ ಮೆತ್ತಿ ಮುಚ್ಚುತ್ತದೆ. ಮೆತ್ತುವ ಕೆಲಸ ಗಂಡಿನದು. 2014ರಲ್ಲಿ ಇದಕ್ಕೆ ಶಾಸ್ತ್ರಜ್ಞರು ಇಟ್ಟ ಹೆಸರು ನಿಕ್ಟಿಬಟ್ರಾಕಸ್ ಕುಂಬಾರ. ಲ್ಯಾಟಿನ್ನಿನ ಪಕ್ಕದಲ್ಲಿ ನಮ್ಮ ಕುಂಬಾರನು ಕುಳಿತಿರುವುದನ್ನು ಕಂಡು ನಮಗೆ ಹೆಮ್ಮೆಯೇ ಆಯಿತು.

ಇಷ್ಟು ಅಪರೂಪವಾದ ಜಡ್ಡಿಗಳು ಇಷ್ಟು ಕಡಮೆಯಾದುದೇಕೆ? ಉತ್ತರ ಕಠಿಣವಲ್ಲ. ಬೆಟ್ಟದ ನಾಡಿನಲ್ಲಿ ಸಮತಟ್ಟಾದ ನೆಲ ಅಪರೂಪ. ಬೇಸಗೆಯಲ್ಲಿಯೂ ನೀರಿರುವ ಸಮತಟ್ಟಾದ ನೆಲವಂತೂ ಚಿನ್ನ. ಮರಕ್ಕೆ ಬೇಕಾದುದೇ ಮನುಷ್ಯನಿಗೂ ಬೇಕಾಯಿತು. ಗದ್ದೆಗೆಂದೂ ಅಡಕೆಯ ತೋಟಕ್ಕೆಂದೂ ಜಡ್ಡಿಗಳು ಶತಮಾನಗಳಿಂದ ಒಂದೊಂದಾಗಿ ಸವೆದುವು. ನಾವಿದನ್ನು ಅಪರಾಧವೆನ್ನುವುದಿಲ್ಲ. ಮಲೆನಾಡಿನಲ್ಲಿ ತೋಟ ಕಟ್ಟಿದವರು ಹೊಟ್ಟೆಗಾಗಿ ಕಟ್ಟಿದರು, ಬಹಳ ಕಷ್ಟಪಟ್ಟು ಕಟ್ಟಿದರು. ಅದಲ್ಲದೆ ಅವರು ಎಲ್ಲವನ್ನೂ ಕಡಿಯಲಿಲ್ಲ. ತೋಟದ ತಲೆಯ ಮೇಲಣ ಕಾನನ್ನು ಜಟಕನಿಗೋ ಚೌಡಿಗೋ ಬಿಟ್ಟುಕೊಟ್ಟು, ಅಲ್ಲಿ ಕೊಡಲಿ ಹಾಕಬಾರದೆಂದು ಕಟ್ಟಳೆ ಮಾಡಿದರು. ಮೆಣಸು, ಜೇನು, ದಾಲ್ಚಿನ್ನಿಗಳನ್ನು ಮಾತ್ರ ತಂದರು. ಗೋವೆಯ ಸತ್ತರಿಯಲ್ಲಿ ಜಡ್ಡಿಯೊಂದು ನಿರಂಕಾರ ದೇವರ ಬನವಾಗಿದ್ದುದರಿಂದಲೇ ಇಂದಿಗೂ ಉಳಿದಿದೆ. ದೇವರ ಭಯವೆಂದು ನಗುವವರು ಒಂದು ಸಂಗತಿಯನ್ನು ತಿಳಿದುಕೊಳ್ಳಲಿ. 1888ರಲ್ಲಿ ಉತ್ತರ ಕನ್ನಡದ ಅರಣ್ಯ ಇತ್ಯರ್ಥದ ಅಧಿಕಾರಿಯಾಗಿದ್ದ ವಿಂಗೇಟನು, ಕಾನುಗಳು ಊಟೆಗಳಿಗೂ ಬತ್ತದ ಹಳ್ಳಗಳಿಗೂ ಆಶ್ರಯವೆಂದೂ, ಕಾನಿದ್ದಲ್ಲಿ ಬೆಲೆಬಾಳುವ ಸಂಬಾರದ ತೋಟಗಳಿರುವುವೆಂದೂ, ತೋಟಗಳು ತಮ್ಮ ತಂಪನ್ನೂ ತೇವವನ್ನೂ ಕಾನಿನಿಂದಲೇ ಪಡೆಯುವುವೆಂದೂ ಬರೆದಿಟ್ಟನು. ಜಟಕನ ಕಟ್ಟಳೆಯಲ್ಲಿದ್ದುದೂ ಅದೇ ಲೆಕ್ಕವೆಂದು ನಮಗೆ ತೋರುತ್ತದೆ.

ಈಗಿನ ಅಪಾಯ ಕೊಡಲಿಗಿಂತ ಸೂಕ್ಷ್ಮವಾದುದು. ಜಡ್ಡಿಯ ಮರವೊಂದನ್ನೂ ಮುಟ್ಟದೆ, ಮೇಲುಗಡೆ ಹಳ್ಳವನ್ನು ಕೊಳವೆಗೆ ತಿರುಗಿಸಿದರೆ ಸಾಕು; ಇಲ್ಲವೆ ಕೆಸರಿನ ನಡುವೆ ಒಂದು ಬಸಿಗಾಲುವೆಯನ್ನು ತೋಡಿದರೆ ಸಾಕು. ದೊಡ್ಡ ಮರಗಳು ಕೆಲವು ಕಾಲ ನಿಂತೇ ಇರುತ್ತವೆ. ನೋಡುವವರಿಗೆ ಕಾಡು ಹಾಗೆಯೇ ಇದೆಯೆಂಬ ಭ್ರಮೆ. ಬಿದ್ದ ಬೀಜ ಮಾತ್ರ ಒಣಗುತ್ತದೆ, ಸಸಿ ಏಳುವುದಿಲ್ಲ. ಮೊಮ್ಮಕ್ಕಳಿಲ್ಲದ ಮನೆಯಂತೆ ಕಾಡು ಮುಪ್ಪಾಗುತ್ತದೆ. ಜಡ್ಡಿ ಚಿಕ್ಕದಾದಷ್ಟೂ ಇನ್ನೊಂದು ತೊಡಕು: ಗಂಡು ಹೆಣ್ಣು ಮರಗಳು ಬೇರೆ ಬೇರೆಯಾದುದರಿಂದ, ಉಳಿದ ನಾಲ್ಕಾರು ಮರಗಳು ಒಂದೇ ಪಂಗಡದವಾಗಿದ್ದರೆ ನೀರಿದ್ದೂ ಫಲವಿಲ್ಲ.

ನೀರು ತಪ್ಪಿದರೆ ಏನಾಗುವುದೆಂಬುದಕ್ಕೆ ಇದೇ ಶರಾವತಿಯ ಸೀಮೆಯ ಇನ್ನೊಂದು ಗಿಡದ ಕಥೆಯುಂಟು. ಕಥೆ ಮರದ್ದಲ್ಲ, ಬೆರಳುದ್ದದ ಹುಲ್ಲಿನದು. 1919ರಲ್ಲಿ ಸೆಜ್ವಿಕ್ ಮತ್ತು ಬೆಲ್ ಎಂಬ ಇಬ್ಬರು ಆಂಗ್ಲರು ಜೋಗದ ಜಲಪಾತದ ಬಳಿ, ಸದಾ ನೀರ ಹನಿ ಸಿಡಿಯುವ ಬಂಡೆಯ ಮೇಲೆ, ಬಲು ನವುರಾದ ಹುಲ್ಲೊಂದನ್ನು ಕಿತ್ತು ಒಣಗಿಸಿ ಇಟ್ಟರು. 1951ರಲ್ಲಿ ಬೋರ್ ಎಂಬ ಹುಲ್ಲಿನ ಪಂಡಿತನು ಅದು ಹಿಂದೆ ಯಾರೂ ವರ್ಣಿಸದ ಕುಲವೆಂದು ಕಂಡು, ಕ್ಯೂ ಉದ್ಯಾನದ ಹಬ್ಬರ್ಡನ ಗೌರವಾರ್ಥವಾಗಿ ಹಬ್ಬಾರ್ಡಿಯಾ ಹೆಪ್ಟಾನ್ಯೂರಾನ್ ಎಂದು ಹೆಸರಿಟ್ಟನು. ಏಳು ನರಗಳದು ಎಂದು ಅರ್ಥ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ತಿಯಾಗಿ ನದಿಯ ನೀರು ವಿದ್ಯುತ್ತಿನ ಕಡೆಗೆ ತಿರುಗಿತು. ವರ್ಷದ ಬಹುಕಾಲ ಜೋಗದ ಬಂಡೆಗಳು ಒಣಗಿ ನಿಂತುವು. ಆಮೇಲೆ ಹೋಗಿ ಹುಡುಕಿದವರಿಗೆ ಹುಲ್ಲು ಸಿಕ್ಕಲಿಲ್ಲ. ಅಳಿದುಹೋದವುಗಳ ಪಟ್ಟಿಗೆ ಅದರ ಹೆಸರು ಸೇರಿತು. ಆ ದೀಪದ ಬೆಳಕಿನಲ್ಲಿ ಓದಿ ಬೆಳೆದ ನಾವು ಅಣೆಕಟ್ಟನ್ನು ಹಳಿಯುವುದು ಸಲ್ಲ. ಆದರೂ ಆ ಬೆಳಕಿನ ಬೆಲೆಯಲ್ಲಿ ಈ ಹುಲ್ಲೂ ಸೇರಿತ್ತೆಂಬುದು ಲೆಕ್ಕದಲ್ಲಿರಬೇಕು. ಅದೃಷ್ಟವಶಾತ್ ಕಥೆ ಅಲ್ಲಿಗೆ ಮುಗಿಯಲಿಲ್ಲ: 2002ರಲ್ಲಿ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಯಾದವ್ ಅವರ ತಂಡದವರು ತಿಲಾರಿಯ ಘಟ್ಟದಲ್ಲಿ, ನೀರು ಜಿನುಗುವ ಕಡಿದಾದ ಬಂಡೆಯೊಂದರ ಮೇಲೆ, ಈ ಹುಲ್ಲನ್ನೇ ಮತ್ತೆ ಕಂಡರು. ಜೋಗದಲ್ಲಿ ಸತ್ತುದು ಅಲ್ಲಿ ಬದುಕಿದ್ದಿತು. ಅಲ್ಲಿಯ ಬಂಡೆ ಒದ್ದೆಯಾಗಿದ್ದಿತು, ಅಷ್ಟೆ.

ಜಡ್ಡಿಗಳಿಗೆ ಸರಕಾರದ ರಕ್ಷಣೆ ಕೆಲಮಟ್ಟಿಗೆ ದೊರೆತಿದೆ. ಸಿಂಗಳೀಕಗಳ ನೆಪದಲ್ಲಿ 2011ರಲ್ಲಿ ಅಘನಾಶಿನಿಯ ಕಾಡುಗಳನ್ನು ಸಂರಕ್ಷಣಾ ಮೀಸಲಾಗಿ ಸಾರಿದರು. 2019ರಲ್ಲಿ ಅದು ಶರಾವತಿ ಕಣಿವೆಯ ಅಭಯಾರಣ್ಯದೊಡನೆ ಕೂಡಿತು. ಸಿಂಗಳೀಕದಂತಹ ಚಂದದ ಪ್ರಾಣಿಯ ಬೆನ್ನು ಹಿಡಿದು ಅಂದವಿಲ್ಲದ ಕೆಸರೂ ಉಳಿಯುವುದಾದರೆ ನಮ್ಮ ಅಭ್ಯಂತರವಿಲ್ಲ. ಶಿರಸಿಯ ಅರಣ್ಯ ಮಹಾವಿದ್ಯಾಲಯದ ವಿದ್ವಾಂಸರೂ ಅರಣ್ಯ ಇಲಾಖೆಯವರೂ ಕತ್ತಲೆಕಾನಿನ ಗೇರುಮರದ ಸಸಿಗಳನ್ನು ಬೀಜದಿಂದೆಬ್ಬಿಸಿ ಜಡ್ಡಿಗಳಲ್ಲಿಯೇ ಮರಳಿ ನೆಟ್ಟಿರುವರು. ಆದರೆ ಅಭಯಾರಣ್ಯದ ಗೆರೆಯ ಹೊರಗೆ, ಊರುಗಳ ಮಗ್ಗುಲಲ್ಲಿ, ಅರ್ಧ ಎಕರೆ ಒಂದು ಎಕರೆಯ ಜಡ್ಡಿಗಳೂ ಉಂಟು. ಅವುಗಳ ಹಣೆಯ ಬರಹ ತೋಟದವರ ಕೈಯಲ್ಲಿದೆ.

ಕೊನೆಗೆ ಮಸಾಲೆಯ ಡಬ್ಬಿಗೆ ಮರಳೋಣ. ಪೇಟೆಯಲ್ಲಿ ಬೆಲೆಯೇರಿದ ವರ್ಷ, ಬೇರೆಯವರು ಕೊಯ್ದುಬಿಟ್ಟಾರೆಂಬ ಆತುರದಿಂದ ಎಳೆಯ ಕಾಯಿಗಳನ್ನೇ ಉದುರಿಸುವುದೂ ಕೊಂಬೆಗಳನ್ನೇ ಕಡಿದುಹಾಕುವುದೂ ರಾಮಪತ್ರೆಯ ಮರಕ್ಕೆ ಬಂದಿರುವ ದೊಡ್ಡ ಕಂಟಕ. ಎಳೆಯ ಕಾಯಿಯ ಬೀಜ ಮೊಳೆಯದು, ಅದರ ಪತ್ರೆಯೂ ಬಡಕಲು. ತಾನಾಗಿ ಬಿರಿದ ಕಾಯಿಯಿಂದ ಪತ್ರೆಯನ್ನು ಬಿಡಿಸಿಕೊಂಡು ಬೀಜವನ್ನು ಅದೇ ದಿನ ತೇವದ ನೆರಳಿನಲ್ಲಿ ಊರಿದರೆ ಕೊಯ್ದವನಿಗೂ ನಷ್ಟವಿಲ್ಲ. ಬಿರಿದ ಕಾಯಿಯ ಪತ್ರೆ ಅಗಲವಾಗಿ ಇಡಿಯಾಗಿರುವುದು, ಎಳೆಯದು ಮುದುಡಿ ಚೂರಾಗಿರುವುದು; ಕೊಳ್ಳುವವರು ಅಂಗಡಿಯಲ್ಲಿ ಇದನ್ನು ನೋಡಿಯೇ ಕೊಳ್ಳಲಿ.

ಘಟ್ಟದ ಸೀಮೆಯ ವಾಚಕರಲ್ಲಿ ಯಾರ ತೋಟದ ಮೇಲಾದರೂ ಮೊಣಕಾಲು ಬೇರುಗಳ ಮರಗಳಿರುವ ಜಡ್ಡಿಯಿದ್ದರೆ, ಆ ಮರಗಳನ್ನು ಮನೆಯ ಹಿರಿಯರು ಯಾವ ಹೆಸರಿನಿಂದ ಕರೆಯುತ್ತಾರೆಂಬುದನ್ನೂ, ಬೇಸಗೆಯಲ್ಲಿ ಅಲ್ಲಿಯ ನೀರು ಮೊದಲಿನಂತೆ ನಿಲ್ಲುವುದೋ ಇಲ್ಲವೋ ಎಂಬುದನ್ನೂ ನಮಗೆ ಬರೆದು ತಿಳಿಸಬೇಕೆಂದು ಕೋರುತ್ತೇವೆ.